ಉಪ್ಪುಗಾಳಿಗೆ ನಿಲ್ಲುವ ಸೈಡ್ ಬಾಕ್ಸ್, ಕ್ಯಾರಿಯರ್: ಮನೆಯಲ್ಲೇ ಮಾಡಿ ಬಣ್ಣ ಹೊಡೆದವರು ಹೇಳಿ

ಕಾಪು ರೈಡರ್ · ಅಕ್ಟೋಬರ್ 6

ಎಲ್ಲರಿಗೂ ನಮಸ್ಕಾರ. ನನ್ನದು ಥಂಡರ್‌ಬರ್ಡ್ 350. ಮನೆ ಕಾಪು, ಕೆಲಸ ಮಂಗಳೂರಿನಲ್ಲಿ. ದಿನಾ ಹೆದ್ದಾರಿ 66ರಲ್ಲೇ ಓಡಾಟ, ರಜೆ ಸಿಕ್ಕಿದರೆ ಘಟ್ಟ ಹತ್ತುವುದು.

ಕಳೆದ ಡಿಸೆಂಬರಿನಲ್ಲಿ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಎರಡೂ ಬದಿಗೆ ಕ್ಯಾರಿಯರ್, ಸೈಡ್ ಬಾಕ್ಸ್ ಮಾಡಿಸಿದ್ದೆ. ಕ್ಯಾರಿಯರ್‌ಗೆ ಮುಕ್ಕಾಲು ಇಂಚಿನ ಚೌಕ ಪೈಪು, ಬಾಕ್ಸಿಗೆ ಜಿಐ ಶೀಟು (ಸತು ಲೇಪಿಸಿದ ಕಬ್ಬಿಣದ ತಗಡು), ಎಲ್ಲದಕ್ಕೂ ಕಪ್ಪು ಎನಾಮಲ್ ಬಣ್ಣ. ಮೇ ತನಕ ನೋಡಲು ಚಂದ ಇತ್ತು. ಈ ಮಳೆಗಾಲ ಮುಗಿಯುವಾಗ ಬಾಕ್ಸಿನ ಬಣ್ಣ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಎದ್ದು ಬಂತು. ಉಗುರಿನಲ್ಲಿ ಎಳೆದರೆ ಅಂಗೈ ಅಗಲದ ತುಂಡು ಕೈಗೆ ಬರುತ್ತದೆ. ಕ್ಯಾರಿಯರ್‌ನ ಜಾಯಿಂಟ್‌ಗಳೆಲ್ಲ ಕೆಂಪು. ಕಳೆದ ವಾರ ಚಾರ್ಮಾಡಿ ಇಳಿಯುವಾಗ ಎಡಬದಿಯ ಫುಟ್‌ರೆಸ್ಟ್ ಹತ್ತಿರದ ಪಟ್ಟಿ ಬಿರುಕು ಬಿಟ್ಟು ಬಾಕ್ಸ್ ಚಕ್ರದ ಕಡೆಗೆ ವಾಲಿತು. ಹಗ್ಗ ಕಟ್ಟಿಕೊಂಡು ಉಜಿರೆ ತನಕ ಬಂದೆ. ಮನೆಯಲ್ಲಿ ಪೈಪು ಕತ್ತರಿಸಿದರೆ ಒಳಗಿಂದ ಕೆಂಪು ನೀರು ಸುರಿಯಿತು. ಹೊರಗೆ ಬಣ್ಣ ಸರಿ ಇದ್ದ ಕಡೆಯೂ ಒಳಗೆ ತುಕ್ಕು ತಿಂದಿತ್ತು.

ಈ ಸಲ ನಾನೇ ಮಾಡಬೇಕು ಅಂತ ಇದ್ದೇನೆ. ಗ್ರೈಂಡರ್ ಉಂಟು. ಬಾವನ ಆರ್ಕ್ ವೆಲ್ಡಿಂಗ್ ಮಿಷಿನ್ ಸಿಗುತ್ತದೆ. ಗೇಟು ರಿಪೇರಿ ಮಾಡುವಷ್ಟು ವೆಲ್ಡಿಂಗ್ ಬರುತ್ತದೆ. ಯಾವ ಲೋಹ ಒಳ್ಳೆಯದು? ಎಲ್ಲೆಲ್ಲಿ ಹಿಡಿಸಬೇಕು? ಮುಖ್ಯವಾಗಿ, ನಮ್ಮ ಕರಾವಳಿಯ ಗಾಳಿಗೆ ಯಾವ ಬಣ್ಣ ನಿಲ್ಲುತ್ತದೆ?

ಚಾರ್ಮಾಡಿ ತಿರುವು · ಅಕ್ಟೋಬರ್ 6

ಅಯ್ಯೋ, ಆ ಇಳಿಜಾರಿನಲ್ಲೇ ಆಯಿತಾ? ಬಿದ್ದಿಲ್ಲವಲ್ಲ, ಅದು ದೊಡ್ಡದು. ಒಂದು ಪ್ರಶ್ನೆ. ಎಡ ಬಲ ಕ್ಯಾರಿಯರ್ ಎರಡನ್ನೂ ಹಿಂದೆ ಜೋಡಿಸುವ ಅಡ್ಡಪಟ್ಟಿ ಇತ್ತಾ? ನಂಬರ್ ಪ್ಲೇಟಿನ ಕೆಳಗೆ ಹಾದು ಹೋಗುವಂಥದ್ದು.

ಕಾಪು ರೈಡರ್ · ಅಕ್ಟೋಬರ್ 6

ಇರಲಿಲ್ಲ. ಎರಡೂ ಬೇರೆ ಬೇರೆ ನಿಂತಿದ್ದವು.

ಪಣಂಬೂರ್ ಫಿಟ್ಟರ್ · ಅಕ್ಟೋಬರ್ 7

ಮುರಿದದ್ದು ಅದಕ್ಕೇ. ನಾನು ಬೈಕಂಪಾಡಿ ಕಡೆ ಫ್ಯಾಬ್ರಿಕೇಶನ್ ಕೆಲಸದಲ್ಲಿ 22 ವರ್ಷದಿಂದ ಇದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಸೈಡ್ ಬಾಕ್ಸಿನ ಭಾರ ಕೆಳಗೆ ಮಾತ್ರ ಎಳೆಯುವುದಿಲ್ಲ. ಗುಂಡಿಗೆ ಇಳಿದಾಗಲೆಲ್ಲ ಒಳಕ್ಕೆ, ಹೊರಕ್ಕೆ ಬಾಗಿಸುತ್ತದೆ. ಹಿಂದೆ ಅಡ್ಡಪಟ್ಟಿ ಇಲ್ಲದಿದ್ದರೆ ಆ ಬಾಗು ಪೂರ್ತಿ ಫುಟ್‌ರೆಸ್ಟ್ ಹತ್ತಿರದ ಒಂದು ವೆಲ್ಡಿಂಗಿನ ಮೇಲೆ ಬೀಳುತ್ತದೆ. ತಂತಿಯನ್ನು ಆಚೆ ಈಚೆ ಬಗ್ಗಿಸಿ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಅದೇ ಕಥೆ. ಅಡ್ಡಪಟ್ಟಿ ಹಾಕಿದರೆ ಎಡ ಬಲ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಒಂದೊಂದು ಬದಿಗೆ ಕನಿಷ್ಠ ಮೂರು ಕಡೆ ಹಿಡಿತ ಬೇಕು. ಮುಂದೆ ಕೆಳಗೆ ಹಿಂಬದಿ ಸವಾರರ ಫುಟ್‌ರೆಸ್ಟಿನ ಬೋಲ್ಟು, ಮೇಲೆ ಗ್ರ್ಯಾಬ್ ರೈಲಿನ (ಸೀಟಿನ ಹಿಂದೆ ಕೈ ಹಿಡಿಯುವ ಕಂಬಿಯ) ಬೋಲ್ಟು, ಹಿಂದೆ ಈ ಅಡ್ಡಪಟ್ಟಿ. ಈ ಮೂರೂ ಒಂದೇ ಗೆರೆಯಲ್ಲಿ ಇರಬಾರದು, ತ್ರಿಕೋನ ಆಗಬೇಕು. ಬೈಕಿನ ಚಾಸಿಗೆ ಮಾತ್ರ ದಯವಿಟ್ಟು ವೆಲ್ಡ್ ಮಾಡಬೇಡಿ. ಎಲ್ಲವೂ ಬೋಲ್ಟಿನಲ್ಲೇ ಕೂರಬೇಕು.

ಮೊದಲು ರಟ್ಟಿನಲ್ಲಿ ಬಾಕ್ಸ್ ಮಾಡಿ. ಟಿವಿ, ಫ್ರಿಜ್ ಬಂದ ರಟ್ಟು ಸಾಕು. ಟೇಪಿನಲ್ಲಿ ಬೈಕಿಗೆ ಅಂಟಿಸಿ, ಹಿಂದೆ ಒಬ್ಬರನ್ನು ಕೂರಿಸಿ ನೋಡಿ. ಅವರ ಕಾಲು ತಾಗುತ್ತದಾ? ಕಿಕ್ಕರ್ ಹೊಡೆಯಲು ಆಗುತ್ತದಾ? ಚೈನ್ ಟೈಟ್ ಮಾಡಲು ಸ್ಪ್ಯಾನರ್ ಹೋಗುತ್ತದಾ? ಇಂಡಿಕೇಟರ್ ಮುಚ್ಚುತ್ತದಾ? ಇಲ್ಲಿ ಒಂದು ಸಂಜೆ ಕಳೆದರೆ ಮುಂದೆ ಒಂದು ವಾರ ಉಳಿಯುತ್ತದೆ. ಎರಡು ಬಾಕ್ಸ್ ಸೇರಿ ಒಟ್ಟು ಅಗಲ ಹ್ಯಾಂಡಲಿಗಿಂತ ಕಡಿಮೆ ಇರಲಿ. ಮುಂದೆ ಹ್ಯಾಂಡಲ್ ನುಗ್ಗಿದ ಕಡೆ ಹಿಂದೆ ಬಾಕ್ಸ್ ಕೂಡ ನುಗ್ಗಬೇಕು.

ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ಎರಡೂ ವೈರ್ ಬಿಚ್ಚಿ. ತುಂಡುಗಳನ್ನು ಬೈಕಿಗೇ ಬೋಲ್ಟ್ ಹಾಕಿ ನಿಲ್ಲಿಸಿ, ಅಲ್ಲೇ ಚಿಕ್ಕ ಚಿಕ್ಕ ಟ್ಯಾಕ್ (ಜೋಡಿಸಿ ನಿಲ್ಲಿಸಲು ಚುಕ್ಕೆ ವೆಲ್ಡಿಂಗ್) ಹೊಡೆಯಿರಿ. ಟ್ಯಾಂಕ್, ಸೀಟಿನ ಮೇಲೆ ಒದ್ದೆ ಗೋಣಿ ಹಾಕಿ. ಆಮೇಲೆ ಬಿಚ್ಚಿ ಕೆಳಗಿಟ್ಟು ಪೂರ್ತಿ ವೆಲ್ಡ್ ಮಾಡಿ. 1.6 ಮಿ.ಮೀ. ಪೈಪಿಗೆ 2.5 ಮಿ.ಮೀ. ದಪ್ಪದ 6013 ನಂಬರಿನ ವೆಲ್ಡಿಂಗ್ ರಾಡು ಸಾಕು. ಒಂದೇ ಮೂಲೆಯನ್ನು ಒಂದೇ ಉಸಿರಿಗೆ ಮುಗಿಸಬೇಡಿ. ಬಿಸಿಗೆ ಪೈಪು ಎಳೆದುಕೊಂಡು ಆಮೇಲೆ ಬೋಲ್ಟಿನ ತೂತು ಕೂಡುವುದಿಲ್ಲ. ಇಲ್ಲಿ ಒಂದು, ಅಲ್ಲಿ ಒಂದು ಹೊಡೆದು ತಣಿಯಲು ಬಿಡಿ. ಜಿಐ ಪೈಪು ಆದರೆ ವೆಲ್ಡ್ ಮಾಡುವ ಜಾಗದ ಸತುವನ್ನು ಗ್ರೈಂಡ್ ಮಾಡಿ ತೆಗೆಯಲೇಬೇಕು. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಬರುತ್ತದೆ. ಕೆಲಸ ಕಲಿಯುವಾಗ ನನಗೆ ಬಂದಿತ್ತು. ಬಯಲಲ್ಲಿ ಕೂತು ಮಾಡಿ.

ಮಣಿಪಾಲ ಮೆಕ್ · ಅಕ್ಟೋಬರ್ 7

ಫಿಟ್ಟರ್ ಸರ್ ಹೇಳಿದ್ದು ಕ್ಯಾರಿಯರ್‌ಗೆ ಸರಿ. ಬಾಕ್ಸಿಗೆ ಮಾತ್ರ ಅಲ್ಯೂಮಿನಿಯಂ ಹಾಕಿ ಅಂತ ನನ್ನ ಅಭಿಪ್ರಾಯ. 40 ಉದ್ದ, 35 ಎತ್ತರ, 22 ಅಗಲ, ಸೆಂ.ಮೀ. ಲೆಕ್ಕದಲ್ಲಿ ಒಂದು ಬಾಕ್ಸ್ ಅಂದುಕೊಳ್ಳಿ. ಸುಮಾರು 30 ಲೀಟರ್. ಆರು ಮೈ ಸೇರಿ 0.61 ಚದರ ಮೀಟರ್ ತಗಡು. 1 ಮಿ.ಮೀ. ಕಬ್ಬಿಣದ ಶೀಟಾದರೆ 4.8 ಕೆ.ಜಿ. 1.5 ಮಿ.ಮೀ. ಅಲ್ಯೂಮಿನಿಯಂ ಆದರೆ ಎರಡೂವರೆ ಕೆ.ಜಿ. ಸಾಮಾನು ಹಾಕುವ ಮೊದಲೇ ಎರಡು ಬಾಕ್ಸಿನಲ್ಲಿ ನಾಲ್ಕೂವರೆ ಕೆ.ಜಿ. ಉಳಿಯಿತು, ಅಲ್ವಾ?

ಅಂಗಡಿಯಲ್ಲಿ ಕೇಳುವಾಗ 5052 ಅಂತ ನಂಬರ್ ಹೇಳಿ ತನ್ನಿ. 6061 ಗಟ್ಟಿ ನಿಜ, ಆದರೆ ಟಿ6 ಹದದ್ದು ಬೆಂಡಿಂಗ್ ಮಿಷಿನ್‌ಗೆ ಕೊಟ್ಟರೆ ಮಡಿಕೆಯಲ್ಲೇ ಸೀಳುತ್ತದೆ. ಅಲ್ಯೂಮಿನಿಯಂ ವೆಲ್ಡಿಂಗ್ ಮನೆಯಲ್ಲಿ ಆಗುವ ಕೆಲಸ ಅಲ್ಲ. ಅದಕ್ಕೆ ಟಿಗ್ (ಗ್ಯಾಸ್ ಬಿಟ್ಟು ಮಾಡುವ ವೆಲ್ಡಿಂಗ್) ಬೇಕು. ಅಂಚನ್ನು 20 ಮಿ.ಮೀ. ಒಳಕ್ಕೆ ಮಡಿಸಿ, ನಡುವೆ ಪಿಯು (ಪಾಲಿಯುರೆಥೇನ್) ಸೀಲಂಟ್, ಅಂದರೆ ನೀರು ತಡೆಯುವ ಅಂಟು ಹಚ್ಚಿ, 4.8 ಮಿ.ಮೀ. ಪಾಪ್ ರಿವಿಟ್ ಹೊಡೆಯಿರಿ. ಬಸ್ ಬಾಡಿ ಕಟ್ಟುವವರು ಹೀಗೇ ಮಾಡುತ್ತಾರೆ. ನೀರು ಒಳಗೆ ಬರುವುದಿಲ್ಲ. ಮುಚ್ಚಳ ಒಳಗೆ ಕೂರುವ ಹಾಗೆ ಮಾಡಬೇಡಿ. ಅಮ್ಮನ ಅಕ್ಕಿ ಡಬ್ಬಿಯ ಹಾಗೆ ಹೊರಗಿಂದ ಕೆಳಕ್ಕೆ ಇಳಿಯಬೇಕು. ಒಳಗೆ ಕಾರಿನ ಬಾಗಿಲಿನ ರಬ್ಬರ್ ಬೀಡಿಂಗ್ ಅಂಟಿಸಿ.

ಬಣ್ಣಕ್ಕೆ ಪೌಡರ್ ಕೋಟಿಂಗ್ ಮಾಡಿಸಿ. ಅದಕ್ಕಿಂತ ಒಳ್ಳೆಯದು ಇಲ್ಲ.

ಕುಂದಾಪುರ ಕೂಸು · ಅಕ್ಟೋಬರ್ 7

ಖರ್ಚು ಜಾಸ್ತಿ ಅನಿಸುವವರು ಹಳೇ ಗೇರುಬೀಜದ ಟಿನ್ನು ನೋಡಬಹುದಾ? 11.34 ಕೆ.ಜಿ. ತಿರುಳು ತುಂಬುವ ಚೌಕ ಟಿನ್ನು. ನಮ್ಮಲ್ಲಿ ಮನೆ ಮನೆಯಲ್ಲೂ ಬಿದ್ದಿರುತ್ತದೆ.

ಪಣಂಬೂರ್ ಫಿಟ್ಟರ್ · ಅಕ್ಟೋಬರ್ 7

ಅಳತೆ ನೋಡಲು, ರಟ್ಟಿನ ಬದಲು ಬೈಕಿಗೆ ಕಟ್ಟಿ ನೋಡಲು ಒಳ್ಳೆಯದು. ಸಾಮಾನು ಹಾಕಿ ಓಡಿಸಲು ಬೇಡ. ತಗಡು ತೀರಾ ತೆಳು. ಬೋಲ್ಟು ಹಾಕಿದ ತೂತು ಎರಡೇ ದಿನದಲ್ಲಿ ಹರಿದು ದೊಡ್ಡದಾಗುತ್ತದೆ.

ಮಲ್ಪೆ ಬೋಟ್ · ಅಕ್ಟೋಬರ್ 8

ನಾನು ಮಲ್ಪೆಯಲ್ಲಿ ಸ್ಟೀಲ್ ಬೋಟುಗಳಿಗೆ ಪೇಂಟ್ ಹೊಡೆಯುವವನು. ಕಾಪು ಅಣ್ಣನ ಬಣ್ಣ ಯಾಕೆ ಎದ್ದಿತು ಅನ್ನುವುದನ್ನು ಮೊದಲು ಹೇಳುತ್ತೇನೆ. ಪೇಂಟ್ ಕಂಪೆನಿಯ ತಪ್ಪೂ ಅಲ್ಲ, ಮಳೆಯ ತಪ್ಪೂ ಅಲ್ಲ. ಜಿಐ ಶೀಟಿನ ಮೇಲಿರುವುದು ಸತು. ಎನಾಮಲ್ ಬಣ್ಣದಲ್ಲಿ ಇರುವ ಎಣ್ಣೆ ಸತುವಿನ ಜೊತೆ ಸೇರಿ, ನಿಧಾನಕ್ಕೆ ನಡುವೆ ಸಾಬೂನಿನಂಥ ಪದರ ಕಟ್ಟುತ್ತದೆ. ತೇವ ಇದ್ದರೆ ಇದು ಬೇಗ ಆಗುತ್ತದೆ. ಸಾಬೂನಿನ ಮೇಲೆ ಬಣ್ಣ ಹೇಗೆ ಹಿಡಿಯುತ್ತದೆ ಹೇಳಿ. ಅದಕ್ಕೇ ಸಿಪ್ಪೆ ಸಿಪ್ಪೆಯಾಗಿ ಬಂದದ್ದು. ಜಿಐ ಮತ್ತು ಅಲ್ಯೂಮಿನಿಯಂ ಎರಡಕ್ಕೂ ಮೊದಲು ಎಚ್ (etch) ಪ್ರೈಮರ್, ಅಂದರೆ ಲೋಹದ ಮೈ ಕೊರೆದು ಹಿಡಿಯುವ ತಳಬಣ್ಣ, ಅಥವಾ ಆ ಲೋಹಕ್ಕೆ ಆಗುತ್ತದೆ ಅಂತ ಡಬ್ಬಿಯ ಮೇಲೆ ಬರೆದಿರುವ ಎಪಾಕ್ಸಿ ಪ್ರೈಮರ್ ಬೇಕು. ನೇರ ಎನಾಮಲ್ ಯಾವತ್ತೂ ಬೇಡ.

ಈಗ ಕ್ಯಾರಿಯರ್ ವಿಷಯ. ಬೋಟಿನಲ್ಲಿ ನಮ್ಮ ಮೊದಲ ಕೆಲಸ ಬಣ್ಣ ಅಲ್ಲ, ಸಿಹಿನೀರು. ಹಳೇ ಕಬ್ಬಿಣ ಆಗಲಿ, ಸಮುದ್ರದ ಹತ್ತಿರ ವಾರ ಬಿದ್ದಿದ್ದ ಹೊಸ ಕಬ್ಬಿಣ ಆಗಲಿ, ಮೇಲೆ ಕಣ್ಣಿಗೆ ಕಾಣದ ಉಪ್ಪು ಇರುತ್ತದೆ. ತೊಳೆಯದೆ ಗ್ರೈಂಡ್ ಮಾಡಿದರೆ ಅದು ಒಳಕ್ಕೆ ಉಜ್ಜಿ ಹೋಗುತ್ತದೆ. ಆಮೇಲೆ ಎಷ್ಟು ಒಳ್ಳೆಯ ಪೇಂಟ್ ಹೊಡೆದರೂ ಉಪ್ಪು ಪದರದ ಮೂಲಕ ನೀರು ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಬಾವಿ ನೀರು, ಸಾಬೂನು, ಬ್ರಷ್ ಹಾಕಿ ತಿಕ್ಕಿ ತೊಳೆದು ಒಣಗಿಸಿ. ಎಣ್ಣೆ ಪಸೆ ಇದ್ದರೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ. ಆಮೇಲೆ ಗ್ರೈಂಡರ್. ಗ್ರೈಂಡ್ ಆದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನಲ್ಲೂ ಉಪ್ಪೇ ಇರುವುದು.

ಅಂಚು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕತ್ತರಿಸಿದ ಪಟ್ಟಿಯ ಚೂಪು ಅಂಚಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಒಣಗುವಾಗ ಎರಡೂ ಬದಿಗೆ ಸರಿದು, ಅಂಚಿನ ಮೇಲೆ ಕಾಗದದಷ್ಟೂ ದಪ್ಪ ಉಳಿಯುವುದಿಲ್ಲ. ತುಕ್ಕು ಅಲ್ಲೇ ಬಾಯಿ ತೆರೆಯುವುದು. ಎಲ್ಲ ಅಂಚನ್ನೂ ಗ್ರೈಂಡರಿಗೆ ಹಾಕುವ ಎಮ್ರಿ ಪದರದ ಫ್ಲಾಪ್ ಡಿಸ್ಕಿನಲ್ಲಿ ಬೆರಳು ಸವರಿದರೆ ನುಣ್ಣಗೆ ಅನಿಸುವಷ್ಟು ಗುಂಡಗೆ ಮಾಡಿ. ವೆಲ್ಡಿಂಗಿನ ಕಿಡಿ ಗಂಟುಗಳನ್ನು ಉಳಿಯಲ್ಲಿ ತೆಗೆಯಿರಿ. ಪ್ರೈಮರ್ ಹೊಡೆಯುವ ಮೊದಲು ಒಂದು ಸಣ್ಣ ಬ್ರಷ್ ತೆಗೆದುಕೊಂಡು ಅಂಚು, ವೆಲ್ಡಿಂಗ್ ಗೆರೆ, ಬೋಲ್ಟಿನ ತೂತಿನ ಒಳಮೈ, ಇಷ್ಟಕ್ಕೆ ಮಾತ್ರ ಅದೇ ಪ್ರೈಮರನ್ನು ಕೈಯಲ್ಲಿ ಹಚ್ಚಿ. ಆಮೇಲೆ ಇಡೀ ಮೈಗೆ. ಸ್ಪ್ರೇ ಗನ್ ಎಷ್ಟೇ ಒಳ್ಳೆಯದಿರಲಿ, ಮೂಲೆಯಲ್ಲಿ ಗಾಳಿ ತಿರುಗಿ ಬಣ್ಣವನ್ನು ಹೊರಗೆ ಹಾರಿಸುತ್ತದೆ.

ನನ್ನ ಕ್ರಮ ಇದು. ಎರಡು ಡಬ್ಬಿಯ, ಅಂದರೆ ಬಣ್ಣ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡನರ್ ಬೇರೆ ಬೇರೆ ಬಂದು ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ಎರಡು ಕೈ (ಪದರ). ಮೇಲೆ ಎರಡು ಡಬ್ಬಿಯ ಪಿಯು ಬಣ್ಣ ಎರಡು ಕೈ. ಬರೀ ಎಪಾಕ್ಸಿ ಬಿಟ್ಟರೆ ಬಿಸಿಲಿಗೆ ಸುಣ್ಣದ ಪುಡಿಯಂತೆ ಆಗುತ್ತದೆ, ಪಿಯು ಅದನ್ನು ತಡೆಯುತ್ತದೆ. ಬರೀ ರೆಡ್ ಆಕ್ಸೈಡ್ (ಕೆಂಪು ಪ್ರೈಮರ್) ಹೊಡೆದು ನಾಳೆ ಬಣ್ಣ ಹೊಡೆಯುತ್ತೇನೆ ಅಂತ ತಿಂಗಳು ಬಿಡಬೇಡಿ, ಅದು ನೀರು ಹೀರುತ್ತದೆ. ಹಾರ್ಡನರ್ ಅಳತೆ ಕಣ್ಣಂದಾಜು ಬೇಡ, ಡಬ್ಬಿಯಲ್ಲಿ ಹೇಳಿದಷ್ಟೇ. ಒಂದು ಕೈಯಿಂದ ಇನ್ನೊಂದು ಕೈಗೆ ಎಷ್ಟು ಗಂಟೆ ಅಂತಲೂ ಅದರಲ್ಲೇ ಇರುತ್ತದೆ. ಆ ಸಮಯ ದಾಟಿದರೆ ಎಮ್ರಿ ಪೇಪರಿನಲ್ಲಿ ಉಜ್ಜಿಯೇ ಮುಂದಿನ ಕೈ ಹೊಡೆಯಬೇಕು.

ಸಮಯ ಜನವರಿ, ಫೆಬ್ರವರಿ. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗೆ. ಬೆಳಗಿನ ಜಾವ ಕಬ್ಬಿಣದ ಮೇಲೆ ಇಬ್ಬನಿ ಇರುತ್ತದೆ, ಕಣ್ಣಿಗೆ ಕಾಣದಿದ್ದರೂ ಇರುತ್ತದೆ. ಇಬ್ಬನಿ ಕಟ್ಟುವ ತಾಪಮಾನಕ್ಕಿಂತ ಲೋಹ ಕನಿಷ್ಠ 3 ಡಿಗ್ರಿ ಬಿಸಿ ಇರಬೇಕು ಅನ್ನುವುದು ಬೋಟಿನವರ ನಿಯಮ. ಗ್ರೈಂಡ್ ಮಾಡಿದ ದಿನವೇ ಪ್ರೈಮರ್. ನಮ್ಮ ಕಡೆ ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ಮತ್ತೆ ಕೆಂಪು.

ಪಿಯು ಬಣ್ಣದ ಹಾರ್ಡನರ್ ಶ್ವಾಸಕ್ಕೆ ತುಂಬಾ ಕೆಟ್ಟದ್ದು. ಸ್ಪ್ರೇ ಮಾಡುವುದಾದರೆ ಬಟ್ಟೆ ಮಾಸ್ಕ್ ಸಾಲುವುದಿಲ್ಲ, ಕಾರ್ಟ್ರಿಜ್ ಇರುವ ಮಾಸ್ಕ್ ಬೇಕೇ ಬೇಕು. ಇಲ್ಲ ಅಂದರೆ ಬ್ರಷ್‌ನಲ್ಲೇ ಹಚ್ಚಿ. ಕ್ಯಾರಿಯರ್‌ಗೆ ಬ್ರಷ್ ಧಾರಾಳ ಸಾಕು.

ಮಣಿಪಾಲ ಮೆಕ್ · ಅಕ್ಟೋಬರ್ 8

ಬೋಟ್ ಅಣ್ಣ, ಇಷ್ಟೆಲ್ಲ ಕಷ್ಟ ಪಡುವ ಬದಲು ಪೌಡರ್ ಕೋಟಿಂಗ್ ಒಂದೇ ದಿನದಲ್ಲಿ ಮುಗಿಯುತ್ತದಲ್ಲ?

ಮಲ್ಪೆ ಬೋಟ್ · ಅಕ್ಟೋಬರ್ 8

ಅಲ್ಯೂಮಿನಿಯಂ ಬಾಕ್ಸಿಗೆ ಮಾಡಿಸಿ, ಅಡ್ಡಿ ಇಲ್ಲ. ಆದರೆ ಅದು 180ರಿಂದ 200 ಡಿಗ್ರಿ ಒಲೆಯಲ್ಲಿ ಬೇಯುತ್ತದೆ, ಸೀಲಂಟ್, ರಬ್ಬರ್ ಎಲ್ಲ ಆಮೇಲೆ ಹಾಕಬೇಕು. ಕ್ಯಾರಿಯರ್‌ಗೆ ನಾನು ಬೇಡ ಅನ್ನುತ್ತೇನೆ. ಬಾಕ್ಸ್ ಉಜ್ಜುವ ಕಡೆ, ಕಲ್ಲು ಸಿಡಿಯುವ ಕಡೆ ಒಂದು ಚೂರು ಎದ್ದರೆ ಉಪ್ಪುನೀರು ಆ ಪದರದ ಅಡಿಯಲ್ಲೇ ಹರಿದಾಡುತ್ತದೆ. ಮೇಲೆ ಹೊಳೆಯುತ್ತಿರುತ್ತದೆ, ಕೆಳಗೆ ಕಬ್ಬಿಣ ಇರುವುದಿಲ್ಲ. ಕೈಯಿಂದ ಹಚ್ಚಿದ ಬಣ್ಣ ಎದ್ದರೆ ಭಾನುವಾರ ಹತ್ತು ನಿಮಿಷದಲ್ಲಿ ಉಜ್ಜಿ ಮತ್ತೆ ಹಚ್ಚಬಹುದು. ಸ್ಯಾಂಡ್ ಬ್ಲಾಸ್ಟ್ ಮಾಡಿ, ಕೆಳಗೆ ಜಿಂಕ್ ಪ್ರೈಮರ್ ಹಾಕಿ ಪೌಡರ್ ಕೊಡುವವರು ಸಿಕ್ಕಿದರೆ ಮಾತು ಬೇರೆ.

ಬೈಂದೂರು ಬಂಗುಡೆ · ಅಕ್ಟೋಬರ್ 9

ನಮ್ಮ ಅಪ್ಪ ಟಿವಿಎಸ್ ಎಕ್ಸೆಲ್‌ನಲ್ಲಿ ಮೀನು ಮಾರುತ್ತಾರೆ. ನೀವೆಲ್ಲ ಬೈಕಿನ ಬಗ್ಗೆ ಹೇಳುವುದನ್ನು ಓದುವಾಗ ಅವರ ಗಾಡಿ ನೆನಪಾಯಿತು. ದಿನಾ ಐಸು, ಉಪ್ಪುನೀರು ಕ್ಯಾರಿಯರ್ ಮೇಲೆ ಸುರಿಯುತ್ತದೆ. ಈಗಿನ ಕ್ಯಾರಿಯರ್‌ಗೆ ಏಳು ವರ್ಷ. ಅಪ್ಪ ಪೈಪು ಹಾಕಿಸುವುದೇ ಇಲ್ಲ. 12 ಮಿ.ಮೀ. ಗಟ್ಟಿ ರಾಡು. ಒಳಗೆ ಟೊಳ್ಳು ಇಲ್ಲದಿದ್ದರೆ ತುಕ್ಕು ಅಡಗಿ ಕೂರಲು ಜಾಗ ಇಲ್ಲ ಅನ್ನುತ್ತಾರೆ. ಮಧ್ಯಾಹ್ನ ವ್ಯಾಪಾರ ಮುಗಿಸಿ ಬಂದು ಊಟಕ್ಕೆ ಮೊದಲು ಗಾಡಿಗೆ ಎರಡು ಕೊಡ ಬಾವಿ ನೀರು. ಒಂದು ದಿನವೂ ತಪ್ಪಿಸಿದ್ದು ನಾನು ನೋಡಿಲ್ಲ. ಬಣ್ಣ ವರ್ಷಕ್ಕೊಮ್ಮೆ, ಮೀನುಗಾರಿಕೆ ನಿಷೇಧ ಶುರು ಆಗುವ ಮೊದಲು, ಮೇ ಬಿಸಿಲಿನಲ್ಲಿ.

ಪಣಂಬೂರ್ ಫಿಟ್ಟರ್ · ಅಕ್ಟೋಬರ್ 9

ತಂಗಿ, ನಿಮ್ಮ ಅಪ್ಪನ ಲೆಕ್ಕ ಪಕ್ಕಾ. 12 ಮಿ.ಮೀ. ರಾಡು ಮೀಟರಿಗೆ 0.888 ಕೆ.ಜಿ. 1.6 ದಪ್ಪದ ಮುಕ್ಕಾಲು ಇಂಚು ಚೌಕ ಪೈಪು ಸುಮಾರು 0.87. ತೂಕ ಒಂದೇ. ಪೈಪು ಕಡಿಮೆ ಬಾಗುತ್ತದೆ, ಅದು ಅದರ ಲಾಭ. ರಾಡಿನಲ್ಲಿ ಮಾಡುವುದಾದರೆ ನಡುವೆ ಅಡ್ಡ ತುಂಡು ಜಾಸ್ತಿ ಕೊಟ್ಟು ಉದ್ದ ಕಡಿಮೆ ಮಾಡಬೇಕು. ಪೈಪೇ ಬೇಕು ಅಂದರೆ ಎರಡೂ ತುದಿ ಪೂರ್ತಿ ವೆಲ್ಡ್ ಮಾಡಿ ಗಾಳಿ ಆಡದ ಹಾಗೆ ಮುಚ್ಚಿ. ಅದು ಆಗದಿದ್ದರೆ ಕೆಳಗಿನ ತುದಿಯಲ್ಲಿ 5 ಮಿ.ಮೀ. ತೂತು ಬಿಡಿ. ಅರ್ಧ ಮುಚ್ಚಿ ಅರ್ಧ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಕಾಪುವಿನವರ ಪೈಪಿನಲ್ಲಿ ಆದದ್ದು ಅದೇ.

ಕೊಡಿಯಾಲ್‌ಬೈಲ್ · ಅಕ್ಟೋಬರ್ 9

ಕಾನೂನಿನ ಮಾತು ಕೂಡ ಇರಲಿ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಗಾಡಿಯ ಮೂಲ ವಿವರಗಳನ್ನು ಬದಲಿಸುವ ಹಾಗಿಲ್ಲ. ಅದಕ್ಕೇ ಬೋಲ್ಟ್ ಬಿಚ್ಚಿದರೆ ಪೂರ್ತಿ ಹೊರಬರುವ ಹಾಗೆ ಮಾಡುವುದು ಒಳ್ಳೆಯದು. ಸೀಟಿನ ಹಿಂದೆ ಇಡುವ ಬಾಕ್ಸಿಗೆ 2020ರ ನಿಯಮದಲ್ಲಿ ಅಳತೆ ಉಂಟು. 550 ಮಿ.ಮೀ. ಉದ್ದ, 510 ಅಗಲ, 500 ಎತ್ತರ, ಇದಕ್ಕಿಂತ ದೊಡ್ಡದು ಇರಬಾರದು. ತುಂಬಾ ಜನ ಎಡಬದಿಗೆ ಕ್ಯಾರಿಯರ್ ಹಾಕುವಾಗ ಸಾರಿ ಗಾರ್ಡ್ ಬಿಚ್ಚಿ ಮೂಲೆಗೆ ಎಸೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆ ಇಲ್ಲದ ಹಾಗೆ ಮುಚ್ಚುವ ರಕ್ಷಣೆ ಇರಬೇಕು ಅಂತ 123ನೇ ನಿಯಮ ಹೇಳುತ್ತದೆ. ನಮ್ಮ ಚಿಕ್ಕಮ್ಮನ ಸೆರಗು ಚಕ್ರಕ್ಕೆ ಸಿಕ್ಕಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕ್ಯಾರಿಯರ್‌ನಲ್ಲೇ ಅಡ್ಡ ರಾಡು ಕೊಟ್ಟು ಅದರ ಕೆಲಸ ಇದು ಮಾಡುವಂತೆ ಕಟ್ಟಿ.

ಕಾಪು ರೈಡರ್ · ನವೆಂಬರ್ 23

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕ್ಯಾರಿಯರ್ ವೆಲ್ಡಿಂಗ್ ಮುಗಿಯಿತು. ಬೈಂದೂರಿನವರ ಅಪ್ಪನ ಮಾತಿಗೇ ನಿಂತೆ, ಪೂರ್ತಿ 12 ಮಿ.ಮೀ. ರಾಡು. ಬಂದರಿನ ಅಂಗಡಿಯಿಂದ ತಂದೆ. ಹಿಂದೆ ಅಡ್ಡಪಟ್ಟಿ 25 ಅಗಲ, 5 ದಪ್ಪ. ನನ್ನ ಹ್ಯಾಂಡಲ್ ಅಗಲ 79 ಸೆಂ.ಮೀ. ಸೈಲೆನ್ಸರ್ ಬಲಕ್ಕೆ ಇರುವುದರಿಂದ ಎಡದ ಬಾಕ್ಸ್ 22 ಅಗಲ, ಬಲದ್ದು 18. ಒಟ್ಟು 76ರಲ್ಲಿ ಮುಗಿಯಿತು. ಸೈಲೆನ್ಸರಿಗೂ ಬಾಕ್ಸಿಗೂ ನಡುವೆ ನಾಲ್ಕು ಬೆರಳು ಜಾಗ ಬಿಟ್ಟು, ಒಂದು ಅಲ್ಯೂಮಿನಿಯಂ ತಗಡು ಅಡ್ಡ ಕೊಟ್ಟಿದ್ದೇನೆ. ರಟ್ಟಿನ ಬಾಕ್ಸ್ ಮೂರು ಸಲ ಬದಲಿಸಿದೆ. ಮೊದಲನೆಯದರಲ್ಲಿ ಹೆಂಡತಿಯ ಹಿಮ್ಮಡಿ ತಾಗುತ್ತಿತ್ತು.

5052 ಶೀಟು ಸಿಕ್ಕಿತು. ಬೆಂಡಿಂಗ್ ಹೊರಗೆ ಮಾಡಿಸಿದೆ, ರಿವಿಟ್ ಮನೆಯಲ್ಲೇ. ಬಾಕ್ಸನ್ನು ಕ್ಯಾರಿಯರ್‌ಗೆ ಹಿಡಿಸಲು ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಬಹುದಾ?

ಮಲ್ಪೆ ಬೋಟ್ · ನವೆಂಬರ್ 23

304 ನಂಬರಿನ ಸ್ಟೀಲ್ ಬೋಲ್ಟು ಹಾಕಿ, 202 ಬೇಡ. ಆದರೆ ಅಲ್ಯೂಮಿನಿಯಂಗೆ ನೇರ ತಾಗಬಾರದು. ಉಪ್ಪುನೀರು ನಡುವೆ ಬಂದರೆ ಎರಡು ಲೋಹ ಸೇರಿ ಬ್ಯಾಟರಿಯ ಹಾಗೆ ಆಗುತ್ತದೆ, ಅಲ್ಯೂಮಿನಿಯಂ ಕರಗುತ್ತದೆ. ತೂತಿನ ಸುತ್ತ ಬಿಳಿ ಪುಡಿ ಕಂಡರೆ ಅದೇ. ಎರಡೂ ಕಡೆ ನೈಲಾನ್ ವಾಶರ್, ಬೋಲ್ಟಿಗೆ ಗ್ರೀಸ್. ನಟ್ಟು ನೈಲಾಕ್ ಇರಲಿ, ಒಳಗೆ ನೈಲಾನ್ ಬಳೆ ಇದ್ದು ಸಡಿಲ ಆಗದಂಥದ್ದು. ಕ್ಯಾರಿಯರ್ ಮತ್ತು ಬಾಕ್ಸ್ ನಡುವೆ ದಪ್ಪ ರಬ್ಬರ್ ಕೊಡಿ, ಹಳೇ ಟಯರಿನದ್ದು ಸಾಕು.

ಕಾಪು ರೈಡರ್ · ಜನವರಿ 19

ಬಣ್ಣ ಆಯಿತು. ಬೋಟ್ ಅಣ್ಣ ಹೇಳಿದ ಕ್ರಮವೇ. ಶನಿವಾರ ಬೆಳಗ್ಗೆ ತೊಳೆದು ಬಿಸಿಲಿಗೆ ಇಟ್ಟು, ಹತ್ತಕ್ಕೆ ಗ್ರೈಂಡಿಂಗ್ ಶುರು ಮಾಡಿ, ಎರಡಕ್ಕೆ ಮೊದಲ ಪ್ರೈಮರ್. ಅಂಚು ಗುಂಡಗೆ ಮಾಡುವುದಕ್ಕೇ ಎರಡು ಗಂಟೆ ಹೋಯಿತು. ಬಣ್ಣ ಬೂದು, ಬ್ರಷ್‌ನಲ್ಲಿ. ಹತ್ತಿರದಿಂದ ನೋಡಿದರೆ ಬ್ರಷ್ ಗೆರೆ ಕಾಣುತ್ತದೆ, ನನಗೆ ಅದು ಇಷ್ಟ ಆಯಿತು. ಅಲ್ಯೂಮಿನಿಯಂ ಬಾಕ್ಸಿಗೆ ಬಣ್ಣವೇ ಹಾಕಲಿಲ್ಲ. ಹಾಗೇ ಬಿಟ್ಟಿದ್ದೇನೆ. ತೂಕ ಹಾಕಿದೆ, ಮುಚ್ಚಳ, ಬೀಗ ಸೇರಿ ಎಡದ್ದು 3.4 ಕೆ.ಜಿ.

ಚಾರ್ಮಾಡಿ ತಿರುವು · ಜನವರಿ 19

ಭಾರದ ಸಾಮಾನು ಬಾಕ್ಸಿನ ತಳದಲ್ಲಿ, ಮುಂದಿನ ಮೂಲೆಗೆ ಇಡಿ. ಹಿಂದಕ್ಕೆ ಇಟ್ಟರೆ ಮುಂದಿನ ಚಕ್ರ ಹಗುರ ಆಗಿ ವೇಗದಲ್ಲಿ ಹ್ಯಾಂಡಲ್ ನಡುಗುತ್ತದೆ. ಎಡ ಬಲ ತೂಕ ಸಮ ಇರಲಿ.

ಕಾಪು ರೈಡರ್ · ಆಗಸ್ಟ್ 30

ಒಂದು ಮಳೆಗಾಲ ದಾಟಿತು. ಆಗುಂಬೆ ಎರಡು ಸಲ, ಕುದುರೆಮುಖ ಒಂದು ಸಲ, ಮರವಂತೆಯಲ್ಲಿ ಅಲೆಯ ಹನಿ ಮೈಮೇಲೆ ಬೀಳುವಾಗ ಅರ್ಧ ದಿನ ನಿಲ್ಲಿಸಿದ್ದೆ. ದಿನಾ ಆಫೀಸಿಗೆ ಬೇರೆ. ನಿನ್ನೆ ಎಲ್ಲ ಬಿಚ್ಚಿ ನೋಡಿದೆ. ವೆಲ್ಡಿಂಗ್ ಗೆರೆಯಲ್ಲಿ ಒಂದು ಚುಕ್ಕೆ ತುಕ್ಕೂ ಇಲ್ಲ. ಬಾಕ್ಸ್ ಒಳಗೆ ನೀರು ಬಂದಿಲ್ಲ. ಎರಡೇ ಕಡೆ ತೊಂದರೆ. ಬಲಬದಿಯ ಫುಟ್‌ರೆಸ್ಟ್ ಬೋಲ್ಟಿನ ವಾಶರ್ ಅಡಿಯಲ್ಲಿ ಬಣ್ಣ ನುಜ್ಜಾಗಿ ಕೆಂಪು ಬಂದಿದೆ. ಮುಚ್ಚಳದ ಹಿಂಜ್ ಪಿನ್ನು ಕಬ್ಬಿಣದ್ದು, ಬಿಗಿಯಾಗಿದೆ. ವಾಶರ್ ಜಾಗ ಉಜ್ಜಿ ಪ್ರೈಮರ್ ಹಚ್ಚಿದೆ.

ವಾರಕ್ಕೆ ಎರಡು ಸಲ ಕೊಡದಲ್ಲಿ ನೀರು ಹಾಕುತ್ತೇನೆ. ಬೈಂದೂರಿನ ತಂಗಿ, ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಪಣಂಬೂರ್ ಫಿಟ್ಟರ್ · ಆಗಸ್ಟ್ 30

ಹಿಂಜ್ ಪಿನ್ ತಟ್ಟಿ ತೆಗೆದು ಅದೇ ದಪ್ಪದ ಸ್ಟೇನ್‌ಲೆಸ್ ಸ್ಟೀಲ್ ವೆಲ್ಡಿಂಗ್ ಫಿಲ್ಲರ್ ರಾಡ್ ಹಾಕಿ. ಟಿಗ್ ಮಾಡುವವರ ಹತ್ತಿರ ಕೇಳಿದರೆ ಒಂದು ತುಂಡು ಕೊಡುತ್ತಾರೆ.

ಕುಂದಾಪುರ ಕೂಸು · ಆಗಸ್ಟ್ 31

ಅಣ್ಣ, ಆ ರಟ್ಟಿನ ಬಾಕ್ಸ್ ಇನ್ನೂ ಇಟ್ಟಿದ್ದೀರಾ? ನನ್ನ ಸ್ಪ್ಲೆಂಡರಿಗೆ ಕಟ್ಟಿ ನೋಡಬೇಕಿತ್ತು.

ಕಾಪು ರೈಡರ್ · ಆಗಸ್ಟ್ 31

ಮೂರೂ ಉಂಟು, ಅಟ್ಟದ ಮೇಲೆ. ಬರುವ ಭಾನುವಾರ ಮನೆಯಲ್ಲೇ ಇರುತ್ತೇನೆ, ಬೈಕ್ ತೆಗೆದುಕೊಂಡೇ ಬನ್ನಿ. ಗ್ರೈಂಡರ್ ಇಲ್ಲೇ ಇದೆ, ಡಿಸ್ಕ್ ಮಾತ್ರ ನೀವು ತನ್ನಿ.